ನಲ್ವತ್ತೊಂಬತ್ತು ತೆಂಗಿನಮರದ ನೀರು

"ನಲ್ವತ್ತೊಂಬತ್ತು ತೆಂಗಿನಮರ," ಎಂದರು ಅಯ್ಯೂಬಾಕ, ತನ್ನ ಚಾದಂಗಡಿಯಲ್ಲಿ ಚಾ ಎತ್ತಿ ಹೊಯ್ಯುತ್ತಾ. "ಒಂದರ ತಲೆ ಮೇಲೆ ಒಂದು ಇಟ್ರೆ ಎಷ್ಟಾಗ್ತದೆ, ಅಷ್ಟು ಎತ್ತರದಿಂದ ನೀರು ಬೀಳುದು."

ಈ ವಿಷಯದಲ್ಲಿ ತೆಂಗಿನಕಾಯಿ ಕೀಳುವ ಚನಿಯನಿಗೆ ಇದ್ದಷ್ಟು ಅಧಿಕಾರ ಮಂಗಳೂರಿನ ಪಡೀಲಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. "ನಾನು ದಿನಕ್ಕೆ ನಲ್ವತ್ತು ಹತ್ತುತ್ತೇನೆ. ಇವತ್ತು ಶುರು ಮಾಡಿದ್ರೆ ನಾಳೆ ಹನ್ನೊಂದು ಗಂಟೆಗೆ ನಿಮ್ಮ ಫಾಲ್ಸಿನ ತುದಿಯಲ್ಲಿರ್ತೇನೆ."

"ತುದಿಯಲ್ಲಿ ಎಂತ ಇಲ್ಲ ಮಾರಾಯ. ಗುಡ್ಡದ ತಲೆ ದೋಸೆ ಕಾವಲಿಯ ಹಾಗೆ ಚಪ್ಪಟೆ. ಅಲ್ಲಿಯ ಮಳೆನೀರು ಬಿರುಕಿನಲ್ಲಿ ಇಳಿದು ಅಂಚಿನಿಂದ ಸ್ವಲ್ಪ ಕೆಳಗೆ ಹೊರಗೆ ಹಾರ್ತದೆ. ನೀರು ಕಮ್ಮಿ ಇರುವ ದಿನ ಅದು ನೆಲಕ್ಕೇ ಮುಟ್ಟುದಿಲ್ಲ. ಅರ್ಧದಲ್ಲೇ ಹೊಗೆ."

"ಮತ್ತೆ ಎಲ್ಲಿಗೆ ಹೋಗ್ತದೆ? ಬಜ್ಪೆ ಏರ್‌ಪೋರ್ಟಿಗಾ?"

ಬೆಂಚಿನ ಮೇಲಿದ್ದ ಅಯ್ಯೂಬಾಕರ ಮಗಳು ಜಸೀಲಾ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅವಳು ಕದ್ರಿಯ ಹತ್ತಿರದ ಹೈಸ್ಕೂಲಿನಲ್ಲಿ ಭೂಗೋಳದ ಟೀಚರ್. ಬಾಪ ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿಲ್ಲವೆಂದು ಅವಳಿಗೆ ಗೊತ್ತಿತ್ತು. ವೆನೆಜುವೆಲಾ, ಏಂಜೆಲ್ ಫಾಲ್ಸ್, ಒಂಬೈನೂರ ಎಪ್ಪತ್ತೊಂಬತ್ತು ಮೀಟರ್. ಮೂರು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಹನ್ನೊಂದು ತೆಂಗಿನಮರ ಬಾಕಿ. ತೊಂದರೆ ಬೇರೆಯೇ. ಮೊಬೈಲ್ ಇಲ್ಲದ ಕಾಲದಲ್ಲಿ ಅಂಥ ಫಾಲ್ಸ್ ಉಂಟೆಂದು ಯಾರೂ ನಂಬಲಿಲ್ಲ. ಮೊಬೈಲ್ ಬಂದ ಮೇಲೆ ಫಾಲ್ಸನ್ನು ಎಲ್ಲರೂ ನಂಬಿದರು, ಬಾಪ ಅಲ್ಲಿಗೆ ಹೋದದ್ದನ್ನು ನಂಬಲಿಲ್ಲ. ಅದರಲ್ಲಿ ಊರಿನದು ಪೂರ್ತಿ ತಪ್ಪೂ ಅಲ್ಲ. ಹಡಗಿನಲ್ಲಿ ಅಡುಗೆಯವರಾಗಿದ್ದಾಗ ತನ್ನ ಮೀನುಸಾರಿನ ಪರಿಮಳಕ್ಕೆ ತಿಮಿಂಗಿಲವೊಂದು ಮೂರು ದಿನ ಹಿಂದೆಯೇ ಬಂತೆಂದು ಇದೇ ಬಾಯಿ ಹೇಳಿತ್ತು.

ಆದ್ದರಿಂದ ಹೋದ ವಾರ ಬಾಪ, "ನಿನ್ನ ಶಾಲೆಯ ಮಕ್ಕಳಿಗೆ ಫಾಲ್ಸಿನ ವಿಷಯ ನಾನೇ ಬಂದು ಹೇಳ್ಲಾ?" ಎಂದು ಕೇಳಿದಾಗ ಅವಳು, "ಒಂದು ಫೋಟೋ ಆದ್ರೂ ಉಂಟಾ ಬಾಪ?" ಎಂದಿದ್ದಳು. ಅಯ್ಯೂಬಾಕ ಗ್ಲಾಸು ತೊಳೆಯಲು ಹೋಗಿದ್ದರು. ಕ್ಲಾಸಿಗೆ ಅವಳು ಕರೆದದ್ದು ಕುಲಶೇಖರದ ಇರ್ವಿನ್ ಸರ್ ಅವರನ್ನು. ಅದೇ ಹಡಗಿನ ಇಂಜಿನಿಯರ್. ಮದುವೆ ಊಟದಲ್ಲಿ ಅವರು ಈ ಫಾಲ್ಸಿನ ಮಾತು ತೆಗೆದರೆ ಜನ ಚಮಚ ಕೆಳಗಿಟ್ಟು ಕೇಳುತ್ತಿದ್ದರು.

ಮನೆಗೇ ಬಂದು ಕರಕೊಂಡು ಹೋಗ್ತೇನೆ ಎಂದು ಜಸೀಲಾ ಹೇಳಿದ್ದರೂ ಕೇಳದೆ ಇರ್ವಿನ್ ಸರ್ ಆಟೋ ಹಿಡಿದು ಅಂಗಡಿಗೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಚೀಟಿ. ಬೆಂಚಿನಲ್ಲಿ ಕೂರದೆ ಸೀದಾ ಒಲೆಯ ಹತ್ತಿರ ಹೋದರು.

"ಅಯ್ಯೂಬ್," ಎಂದರು ಮೆಲ್ಲಗೆ, "ಕೆಳಗಿನ ಹೊಳೆಯ ನೀರು ಯಾವ ಬಣ್ಣ ಹೇಳಿದ್ದಿ?"

"ಕಪ್ಪು ಚಾದ ಬಣ್ಣ ಸರ್. ಕಾಡಿನ ಎಲೆ ಕೊಳೆತು ಹಾಗೆ."

"ಬೀಳುವ ಶಬ್ದ?"

"ವಿಮಾನದ ಇಂಜಿನ್ ಬೊಬ್ಬೆಯಲ್ಲಿ ಎಂತದೂ ಕೇಳ್ಲಿಲ್ಲ."

ಜಸೀಲಾ ಈಗ ತಲೆ ಎತ್ತಿದಳು. "ಸರ್, ನೀವೂ ಇದ್ದಿರಲ್ಲ?"

"ವಯಸ್ಸಾಯ್ತಲ್ಲ, ಮರ್ತಿರ್ತಾರೆ," ಎಂದು ಅಯ್ಯೂಬಾಕ ಗಡಿಬಿಡಿಯಲ್ಲಿ ಚಾಕ್ಕೆ ಎರಡನೇ ಸಲ ಸಕ್ಕರೆ ಹಾಕಿದರು.

ಇರ್ವಿನ್ ಸರ್ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡರು. "ಮರ್ತದ್ದಲ್ಲ ಟೀಚರ್. ನಾನು ನೋಡ್ಲೇ ಇಲ್ಲ."

ಚನಿಯನ ಗ್ಲಾಸು ಬಾಯಿಯ ಹತ್ತಿರ ನಿಂತಿತು.

"ಅದಿರು ತುಂಬಿಸ್ಲಿಕ್ಕೆ ನದಿಯಲ್ಲಿ ಹದಿನೆಂಟು ದಿನ ಕಾದೆವು. ಒಂದು ದಿನ ಕ್ಯಾಪ್ಟನ್ ಫಾಲ್ಸ್ ನೋಡ್ಲಿಕ್ಕೆ ಸಣ್ಣ ವಿಮಾನ ಬಾಡಿಗೆಗೆ ಮಾಡಿದ್ರು. ಊಟದ ಡಬ್ಬ ಹಿಡಿಯುವವ ಬೇಕಲ್ಲ, ಇವನನ್ನೂ ಹತ್ತಿಸಿದ್ರು. ಹಿಂದಿನ ಸೀಟಲ್ಲಿ ನಾವಿಬ್ಬರೇ. ಪೂರ್ತಿ ಮೋಡ. ವಿಮಾನ ಕುಲುಕಿದ್ದಕ್ಕೆ ವಾಂತಿ ಬಂದು ನನ್ನ ಮುಖ ಪ್ಲಾಸ್ಟಿಕ್ ತೊಟ್ಟೆಯ ಒಳಗೆ. ಇವ ಒಂದು ಕೈಯಲ್ಲಿ ನನ್ನ ಹಣೆ ಹಿಡ್ಕೊಂಡಿದ್ದ. ನಮ್ಮ ಬದಿ ಮೋಡ ಒಂದು ನಿಮಿಷ ಬಿಟ್ಟು ಬಿಸಿಲು ಬಿತ್ತಂತೆ. ಮುಂದಿನವರು ಆಚೆ ಬದಿಯ ಮೋಡದ ಫೋಟೋ ತೆಗೀತಾ ಇದ್ರು. ನೋಡಿದ್ದು ಇವನೊಬ್ಬ." ಅವರು ಉಸಿರು ಎಳೆದುಕೊಂಡರು. "ಆಮೇಲೆ ನಾನು ಹೇಳಿದ್ದೆಲ್ಲ ಇವನ ಮಾತು, ನನ್ನ ಇಂಗ್ಲಿಷ್. ಇಪ್ಪತ್ತಾರು ವರ್ಷ ಊರು ಇವನನ್ನು ನಗಾಡಿತು. ಇರ್ವಿನ್ ನೋಡ್ಲಿಲ್ಲ, ತೊಟ್ಟೆಯಲ್ಲಿ ಮುಖ ಇಟ್ಟಿದ್ದ ಅಂತ ಒಂದು ಮಾತು ಇವ ಹೇಳ್ಲಿಲ್ಲ. ನಾನು ಒಂದು ಥ್ಯಾಂಕ್ಸ್ ಸಹ ಹೇಳ್ಲಿಲ್ಲ."

"ಸರ್ ಸುಮ್ಮನೆ ಹೇಳುದು," ಎಂದರು ಅಯ್ಯೂಬಾಕ, ಒಲೆಯನ್ನೇ ನೋಡುತ್ತಾ. "ಒಮ್ಮೆ ತಲೆ ಎತ್ತಿ ನೋಡಿದ್ರು. ನಾನೇ ತೋರಿಸಿದ್ದು."

ಬಾಪ ಇಷ್ಟು ಕೆಟ್ಟದಾಗಿ ಸುಳ್ಳು ಹೇಳಿದ್ದನ್ನು ಜಸೀಲಾ ಯಾವತ್ತೂ ಕೇಳಿರಲಿಲ್ಲ.

"ಹಾಗಾದ್ರೆ ತಿಮಿಂಗಿಲವೂ ನಿಜವಾ?" ಎಂದ ಚನಿಯ, ಹೆದರಿಕೊಂಡೇ.

"ಅದು ಬಂಡಲ್," ಎಂದರು ಇರ್ವಿನ್ ಸರ್.

"ಎರಡು ದಿನ ಬಂದದ್ದು," ಎಂದರು ಅಯ್ಯೂಬಾಕ. "ಮೂರು ಹೇಳಿದ್ದು ತಪ್ಪು."

ಜಸೀಲಾ ಎದ್ದು ಬಾಪನ ಕೈಯಿಂದ ಚಾದ ಸೋಸಣಿಗೆ ತೆಗೆದು ಚನಿಯನಿಗೆ ಕೊಟ್ಟಳು. "ಬಾಪ, ಅಂಗಿ ಬದಲಿಸಿ. ಹತ್ತೂವರೆಗೆ ಕ್ಲಾಸು. ಇಬ್ಬರೂ ಬನ್ನಿ."

ಶಾಲೆಯ ದಾರಿಯ ನಂತೂರು ಸರ್ಕಲಿನಲ್ಲಿ ಎಂದಿನಂತೆ ಲಾರಿ, ಬಸ್ಸು ಎಲ್ಲ ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ಜಸೀಲಾ ಕಾರಿನ ಇಂಜಿನ್ ಬಂದ್ ಮಾಡಿದಳು. ಹಿಂದಿನ ಸೀಟಿನಲ್ಲಿ ಇರ್ವಿನ್ ಸರ್ ಕಣ್ಣು ಮುಚ್ಚಿ, "ಹೇಳು ಮಾರಾಯ, ಎಂತದೂ ಬಿಡದೆ," ಎಂದರು.

"ಒಂದು ಹೇಳ್ಲಿಲ್ಲ ಸರ್, ಯಾರಿಗೂ," ಎಂದರು ಅಯ್ಯೂಬಾಕ. "ನಮಗೆ ಇಲ್ಲಿ ಕಾಮನಬಿಲ್ಲು ಅರ್ಧವೇ ಕಾಣುದಲ್ಲ? ಅಲ್ಲಿ ಮೇಲಿಂದ ನೋಡುವಾಗ ಪೂರ್ತಿ ರೌಂಡ್. ಆ ನೀರಿನ ಹೊಗೆಯ ಮೇಲೆ. ನಡುವಲ್ಲಿ ನಮ್ಮ ವಿಮಾನದ ನೆರಳು, ಇಷ್ಟೇ ಇಷ್ಟು. ಅದರ ಒಳಗೆ ನಾವಿಬ್ಬರೂ ಉಂಟು."

"ಇದನ್ನು ಯಾಕೆ ಹೇಳ್ಲಿಲ್ಲ?"

"ನಂಬ್ಲಿಕ್ಕಿಲ್ಲ ಅಂತ."

ಹಾಗೆ ಕಾಣುವುದು ಉಂಟೆಂದು ಜಸೀಲಾ ಪಾಠದಲ್ಲಿ ಓದಿದ್ದಳು. ಕನ್ನಡಿಯಲ್ಲಿ ಇರ್ವಿನ್ ಸರ್ ಕಣ್ಣು ಮುಚ್ಚಿಕೊಂಡೇ ತನ್ನ ಮೊಣಕಾಲಿನ ಮೇಲೆ ಬೆರಳಿನಿಂದ ನಿಧಾನಕ್ಕೆ ಒಂದು ವೃತ್ತ ಬರೆಯುತ್ತಿದ್ದರು. ಮುಂದೆ ಪೊಲೀಸ್ ಕೈ ಬೀಸಿದ. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ವೃತ್ತ ಪೂರ್ತಿಯಾಗುವವರೆಗೆ ಜಸೀಲಾ ಕಾರು ಬಿಡಲಿಲ್ಲ.