ಮುಟ್ಟು ತಡವಾದರೆ ಕೆಲಸದಿಂದ ಆಚೆಯೇ?

ನಮ್ಮ ಗಾರ್ಮೆಂಟ್ಸ್‌ನ ಇಸ್ತ್ರಿ ಕೋಣೆಯ ಸೆಕೆಗೆ ಕಬ್ಬಿಣವೂ ಬೆವರುತ್ತದೆ. ಅಲ್ಲಿ ನಿಂತೇ ದುಡಿಯಬೇಕು. ಮುಟ್ಟಾದವರಿಗೆ ಮಾತ್ರ ಎರಡು ದಿನ ಸ್ಟೂಲು. ಕೂತು ಗುಂಡಿ ಹೊಲಿಯಬಹುದು. ಈ ಏರ್ಪಾಡು ಮಾಡಿಸಿದ್ದು ನಾನೇ. ನನ್ನ ಒಂದು ಕೂಗಿಗೆ ಮಾಲೀಕರ ಕನ್ನಡಕ ಹೋಳಾಯಿತು, ಬೇಕಾದರೆ ವಿಚಾರಿಸಿ ನೋಡಿ.

ಆ ಸ್ಟೂಲೇ ಗುಬ್ಬಚ್ಚಿಯ ಕುತ್ತಿಗೆಗೆ ಬಂತು. ಗುಬ್ಬಚ್ಚಿ ಅಂದರೆ ನನ್ನ ಪಕ್ಕದ ಮೇಜಿನವಳು; ಎರಡು ಮಕ್ಕಳ ತಾಯಿ, ಊದಿದರೆ ಹಾರಿಹೋಗುವಷ್ಟು ತೆಳ್ಳಗೆ. ಈ ಸಲ ದಿನ ದಾಟಿ ವಾರಗಳಾದರೂ ಅವಳು ಸ್ಟೂಲು ಕೇಳಲಿಲ್ಲ. ಸೂಪರ್‌ವೈಸರ್ ಬೇರೆ ಯಾರೋ ಅಲ್ಲ, ಅವಳ ಗಂಡನ ಸ್ವಂತ ಅಕ್ಕ. ಎಲ್ಲರೆದುರು ತೀರ್ಪು ಕೊಟ್ಟೇಬಿಟ್ಟಳು.

"ಬಸುರಿ ನೀನು. ಬಸುರಿಯರನ್ನ ಮಾಲೀಕರು ಇಟ್ಕೊಳ್ಳಲ್ಲ. ಸೋಮವಾರದಿಂದ ಬರಬೇಡ."

"ಇಲ್ಲ ಅತ್ತಿಗೆ, ಮಕ್ಕಳಾಗದ ಹಾಗೆ ಮಾತ್ರೆ ತಗೋತಿದೀನಲ್ಲ!"

"ಇನ್ನೂ ಚೆನ್ನಾಯ್ತು! ಕೆಟ್ಟ ರಕ್ತ ಹೊಟ್ಟೇಲೇ ಹೆಪ್ಪುಗಟ್ತಿದೆ. ಬಿಸಾಕು ಆ ಮಾತ್ರೆನ."

ನನಗೆ ಮೈಯೆಲ್ಲ ಉರಿಯಿತು. ಆ ಹೊತ್ತು ನನ್ನ ಇಸ್ತ್ರಿಪೆಟ್ಟಿಗೆಗೆ ಕರೆಂಟೇ ಬೇಕಾಗಲಿಲ್ಲ.

"ಏನಮ್ಮಾ, ಸ್ಟೂಲು ನೋಡಿ ಬಸಿರು ಹೇಳೋ ವಿದ್ಯೆ ಎಲ್ಲಿ ಕಲಿತೆ? ನಡಿ, ನರ್ಸಮ್ಮನ್ನೇ ಕೇಳೋಣ!"

ಇಬ್ಬರ ರಟ್ಟೆ ಹಿಡಿದು ಪಕ್ಕದ ಬೀದಿಯ ಆರೋಗ್ಯ ಕೇಂದ್ರಕ್ಕೆ ಎಳೆದೊಯ್ದೆ. ಮೂತ್ರ ಪರೀಕ್ಷೆ ಆಯಿತು. ಬಸಿರಿಲ್ಲ. ಮುಂದೆ ನರ್ಸಮ್ಮ ಹೇಳಿದ್ದಕ್ಕೆ ನಾನು ಒಂದು ಹರಳು ಉಪ್ಪನ್ನೂ ಸೇರಿಸಿಲ್ಲ.

"ಗರ್ಭಕೋಶದ ಒಳಪದರ ದಪ್ಪ ಆಗೋದು ಒಂದು ಹಾರ್ಮೋನಿನಿಂದ. ಇವಳು ನುಂಗೋದು ಹಾರ್ಮೋನಿಲ್ಲದ ಮಾತ್ರೆ; ಅದು ಗರ್ಭಕೋಶದಲ್ಲಿ ಆ ಹಾರ್ಮೋನಿನ ಕೆಲಸ ತಡೆಯುತ್ತೆ. ಅದಕ್ಕೇ ಕೆಲವರಿಗೆ, ಅದರಲ್ಲೂ ಶುರುವಿನ ತಿಂಗಳುಗಳಲ್ಲಿ, ಮುಟ್ಟು ತಡವಾಗುತ್ತೆ, ಕಡಿಮೆ ಹೋಗುತ್ತೆ. ಆಮೇಲೆ ಸಾಮಾನ್ಯವಾಗಿ ಸರಿಹೋಗುತ್ತೆ."

"ಮತ್ತೆ ಆ ರಕ್ತ ಎಲ್ಲಿ ಹೋಯ್ತು?" ಅತ್ತಿಗೆ ಬಿಡಲಿಲ್ಲ.

"ಪದರವೇ ಬೆಳೆದಿಲ್ಲ ಅಂದ್ಮೇಲೆ ರಕ್ತ ಎಲ್ಲಿಂದಮ್ಮ ಬರುತ್ತೆ? ಹಾಲೇ ಕಾಯಿಸದೆ ಕೆನೆ ಎಲ್ಲಿ ಅಂದ ಹಾಗಾಯ್ತು."

"ಇದನ್ನ ಮಾತ್ರೆ ಕೊಟ್ಟವರು ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?" ಎಂದು ನಾನು ಗುಡುಗಿದೆ. ಕಿಟಕಿ ಗಾಜು ಅಲುಗಿತು.

"ಹೇಳಬೇಕಿತ್ತು, ನಮ್ಮವರದ್ದೇ ತಪ್ಪು. ನೀವೂ ಸುಮ್ನೆ ಕೂರಬೇಡಿ. ತಡ ಆಗಿ ಎರಡು ವಾರ ಮೀರಿದ್ರೆ, ಇಲ್ಲಾ ಮಾತ್ರೆ ಮರೆತಿದ್ರೆ ಪರೀಕ್ಷೆಗೆ ಬನ್ನಿ. ತುಂಬಾ ರಕ್ತ ಹೋದ್ರೆ, ಜೋರು ಹೊಟ್ಟೆನೋವು ಬಂದ್ರೆ ತಕ್ಷಣ ಬನ್ನಿ. ಒಗ್ಗದಿದ್ರೆ ಬೇರೆ ವಿಧಾನಗಳಿವೆ."

ಅಷ್ಟರಲ್ಲಿ, ಎಂದೂ ದನಿ ಎತ್ತದ ಗುಬ್ಬಚ್ಚಿ ಕೇಳಿದಳು: "ಅತ್ತಿಗೆ, ನಾನು ನಿಜವಾಗ್ಲೂ ಬಸುರಿಯಾಗಿದ್ರೆ? ಆಗ ನನ್ನ ಆಚೆ ಹಾಕೋದು ನ್ಯಾಯವಾ?"

ಅತ್ತಿಗೆ ಸರಸರನೆ ಗಾರ್ಮೆಂಟ್ಸ್‌ಗೆ ವಾಪಸ್ ನಡೆದಳು, ನಾವಿಬ್ಬರೂ ಹಿಂದೆ. ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಮಾಲೀಕರ ಕೋಣೆಗೇ ನುಗ್ಗಿದಳು.

"ಸೋಮವಾರ ಇವಳು ಬರ್ತಾಳೆ ಸಾರ್. ನಾಳೆ ಯಾರು ಬಸುರಿಯಾದ್ರೂ ಬರ್ತಾರೆ. ಆಗಲ್ಲ ಅಂದ್ರೆ ನನ್ನನ್ನೂ ಕಳಿಸಿ."

ಅಕ್ಕ ತಂಗಿಯರೇ, ಮಾತ್ರೆಯೋ ಚುಚ್ಚುಮದ್ದೋ, ಯಾವುದನ್ನು ತೆಗೆದುಕೊಳ್ಳುವ ಮೊದಲೂ "ಇದರಿಂದ ನನ್ನ ಮುಟ್ಟು ಹೇಗೆ ಬದಲಾಗುತ್ತದೆ?" ಎಂದು ಕೇಳಿ. ಉತ್ತರ ಸಿಗುವ ತನಕ ಜಾಗ ಬಿಟ್ಟು ಕದಲಬೇಡಿ. ನಿಮ್ಮ ಮುಟ್ಟಿನ ದಿನ ಎಣಿಸಿ ನಿಮ್ಮ ಅನ್ನ ಕಸಿಯುವ ಹಕ್ಕು ಯಾವ ಮಾಲೀಕನಿಗೂ ಇಲ್ಲ, ಯಾವ ನೆಂಟರಿಗೂ ಇಲ್ಲ.