ಹಿಂದಿನ ಸಾಲಿನ ದೇವಕ್ಕ

ಬೈಲಹೊಂಗಲದ ಹತ್ತಿ ವ್ಯಾಪಾರಿ ಬಸಲಿಂಗಪ್ಪ ಏಳು ಸೀಟಿನ ದೊಡ್ಡ ಗಾಡಿ ಮನೆಗೆ ತಂದ ದಿನ ಅವನ ಹೆಂಡತಿ ದೇವಕ್ಕ ಮೂರೂ ಸಾಲು ಇಣುಕಿ ನೋಡಿದ್ದಳು. "ಆ ಹಿಂದಿನ ಸೀಟಿನ್ಯಾಗ ಮನಷ್ಯಾರು ಕುಂದರ್ತಾರೇನ್ರಿ?" ಎಂದು ಕೇಳಿದ್ದಳು. "ಹುಡುಗೂರು ಕುಂದರ್ತಾವ, ಇಲ್ಲಾಂದ್ರ ಚೀಲ ಕುಂದರ್ತಾವ" ಎಂದು ಬಸಲಿಂಗಪ್ಪ ನಕ್ಕಿದ್ದ.

ಗಾಡಿ ಮಾರುವವರು ಏಳು ಮಂದಿ ಕೂರಬಹುದು ಎನ್ನುತ್ತಾರೆಯೇ ಹೊರತು ಆ ಏಳರಲ್ಲಿ ಕೊನೆಯವರು ಯಾರು ಎಂದು ಹೇಳುವುದಿಲ್ಲ. ಅದು ಮನೆಯಲ್ಲಿ ತೀರ್ಮಾನವಾಗಬೇಕು. ತೀರ್ಮಾನ ಎಂದರೆ ಯಾರೋ ಬಾಯಿಬಿಟ್ಟು ಹೇಳುವುದು ಅಂತಲ್ಲ. ಯಾರು ತಕರಾರು ಮಾಡುವುದಿಲ್ಲವೋ ಅವರು ತಾವಾಗಿಯೇ ಹಿಂದೆ ಹೋಗುತ್ತಾರೆ, ಉಳಿದವರು ಕಾಲು ಚಾಚಿ ಕೂರುತ್ತಾರೆ.

ಗಂಡ ಇರುವತನಕ ದೇವಕ್ಕನ ಜಾಗ ನಡುವಿನ ಸಾಲಿನಲ್ಲಿ, ಕಿಟಕಿಯ ಪಕ್ಕ. ಯಾರ ಹೊಲದಲ್ಲಿ ಹತ್ತಿ ಒಡೆದಿದೆ, ಯಾರ ಹೊಲದಲ್ಲಿ ಕಸ ಬೆಳೆದಿದೆ ಎಂದು ದಾರಿಯುದ್ದಕ್ಕೂ ಹೇಳುತ್ತ ಬರುವುದು ಅವಳ ಚಾಳಿ. ಬಸಲಿಂಗಪ್ಪ ಒಂದು ದಿನ ಅಂಗಡಿಯಲ್ಲಿ ಕುಂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅದಾದ ಮೇಲೆ ಮುರಗೋಡದಲ್ಲಿ ಬೀಗರೊಬ್ಬರ ಹೊಸ ಮನೆಯ ವಾಸ್ತುಶಾಂತಿ ಇತ್ತು. ಗಾಡಿ ಬಾಗಿಲಿಗೆ ಬಂದು ನಿಂತಿತು. ಎಲ್ಲರೂ ನೀವು ಹತ್ತಿರಿ, ನೀವು ಹತ್ತಿರಿ ಎನ್ನುತ್ತ ನಿಂತಿದ್ದರು. ದೇವಕ್ಕ, "ನೀವು ಮುತ್ತೈದೇರು ಮುಂದ ಕುಂದರ್ರಿ" ಎಂದು ತಾನೇ ಬಗ್ಗಿ ಹಿಂದಿನ ಸಾಲಿಗೆ ನುಗ್ಗಿದಳು.

ಹೋಗು ಎಂದು ಯಾರೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮುಂದಿನ ಸಲ ನಡುವಿನ ಸೀಟು ಮಡಚಿ ದಾರಿ ಮಾಡಿಕೊಟ್ಟವನು ಮಗ ಮಹಾದೇವ. ಅದರ ಮುಂದಿನ ಸಲ ಅವಳು ಹೊರಗೆ ಬರುವ ಹೊತ್ತಿಗೆ ಸೀಟು ಮಡಚಿಯೇ ಇತ್ತು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಗಂಡ ಸತ್ತವಳು ಅಮಂಗಳವಲ್ಲ ಎಂದು ಮಠದಲ್ಲಿ ತಲೆದೂಗಿ ಕೇಳಿ ಬಂದ ಮಂದಿಯೇ ಇವರೆಲ್ಲ. ಕೇಳಿದ್ದನ್ನು ಮಠದ ಮೆಟ್ಟಿಲ ಮೇಲೆಯೇ ಬಿಟ್ಟು ಬಂದಿದ್ದರು, ಅಷ್ಟೇ. ದೇವಕ್ಕನೂ ಬಿಟ್ಟು ಬಂದವಳೇ.

ಆ ಸೀಟೋ, ನೆಲಕ್ಕೆ ಹತ್ತಿದ ಹಾಗಿತ್ತು. ಕುಂತರೆ ಮೊಣಕಾಲು ಎದೆಗೆ ಬರುತ್ತಿದ್ದವು. ಮುಂದಿನ ತಂಪು ಗಾಳಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ದಾರಿಯುದ್ದಕ್ಕೂ ಮೂಗಿಗೆ ಲಿಂಬೆಹಣ್ಣು ಹಿಡಿದೇ ಕೂರುತ್ತಿದ್ದಳು. ಕವರ್ ಹೊಲಿಸಿದಾಗ ಹಿಂದಿನ ಬೆಲ್ಟುಗಳು ಅದರ ಕೆಳಗೆ ಸೇರಿ ಹೋಗಿದ್ದವು, ಯಾರೂ ಅವನ್ನು ಹೊರಗೆ ತೆಗೆದಿರಲಿಲ್ಲ. ತಲೆಗೂ ಹಿಂದಿನ ಗಾಜಿಗೂ ನಡುವೆ ಒಂದು ಗೇಣೂ ಇಲ್ಲ. ಲಾರಿಯೊಂದು ಹಿಂದೆ ಬಂದು ಹಾರ್ನ್ ಹೊಡೆದರೆ ಕಿವಿಯಲ್ಲೇ ಹೊಡೆದ ಹಾಗಾಗುತ್ತಿತ್ತು. ರಾಮದುರ್ಗಕ್ಕೆ ಕೊಟ್ಟ ಮಗಳು ಐಶ್ವರ್ಯಾ ಒಮ್ಮೆ ಇದನ್ನೆಲ್ಲ ನೋಡಿ ಅಣ್ಣನಿಗೆ ಅಂದಿದ್ದಳು. "ಹಿಂದಿಂದ ಯಾವುದರ ಗಾಡಿ ಬಂದು ಬಡದ್ರ ಮೊದಲ ಅವ್ವಗ ಬಡೀತೈತಿ. ಅಕಿನ್ನ ಅಲ್ಲೆ ಕುಂದರಸಬ್ಯಾಡ."

"ನಾ ಎಲ್ಲಿ ಕುಂದರಸೇನಿ? ಅಕೀನ ಹೋಗಿ ಕುಂದರ್ತಾಳ" ಎಂದಿದ್ದ ಮಹಾದೇವ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

ಆ ಐಶ್ವರ್ಯಾಗೆ ಈಗ ಏಳು ತಿಂಗಳು. ರಾಮದುರ್ಗದಲ್ಲಿ ಗಂಡನ ಮನೆಯವರು ಸೀಮಂತದ ಕುಬಸ ಮಾಡಿದರು. ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರಲು ತವರಿನಿಂದ ಮಹಾದೇವ, ಅವನ ಹೆಂಡತಿ ಸಪ್ನಾ, ಕಾಕಾ ಹಣಮಂತಪ್ಪ, ಕಿತ್ತೂರಿಗೆ ಕೊಟ್ಟಿದ್ದ ಸೋದರತ್ತೆ ಶೆಟ್ಟೆವ್ವ ಹೋಗಿದ್ದರು. ದೇವಕ್ಕ ಹೋಗಿದ್ದಳು, ಹೆತ್ತವಳಲ್ಲವೇ. ಆದರೆ ಮಗಳಿಗೆ ಆರತಿ ಬೆಳಗುವಾಗ ಅವಳು ಬೀಗರ ಅಡುಗೆ ಮನೆಯಲ್ಲಿ ಹೋಳಿಗೆ ಮುಚ್ಚಿಡುವ ನೆಪದಲ್ಲಿ ನಿಂತಿದ್ದಳು. ಹೆಂಗಸರ ಹಾಡು ಕೇಳುತ್ತಿತ್ತು. ಹೊರಗೆ ಬಂದು ನೋಡಬೇಕು ಎಂದು ಜೀವ ಒದ್ದಾಡುತ್ತಿತ್ತು, ಆದರೂ ಬರಲಿಲ್ಲ.

ಊಟವಾದ ಮೇಲೆ ಹೊರಟರು. ಬುತ್ತಿ, ಹಿತ್ತಾಳೆ ಕೊಡ, ಸೀರೆಯ ಚೀಲಗಳು ಹಿಂಬಾಗಿಲಿನ ಒಳಗೆ ಗಚ್ಚಾಗಿ ತುಂಬಿದವು. ಎಲ್ಲದರ ಮೇಲೆ ಐಶ್ವರ್ಯಾಳ ಉಡಿಯ ಗಂಟು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಎಲ್ಲ ಸೇರಿದ ಆ ಗಂಟನ್ನು ತವರಿನ ದೇವರ ಜಗಲಿಯ ಮುಂದೆಯೇ ಬಿಚ್ಚಬೇಕು. ದಾರಿಯಲ್ಲಿ ಅದರ ಒಂದು ಕಾಳೂ ಚೆಲ್ಲಬಾರದು ಎಂದು ಶೆಟ್ಟೆವ್ವ ಬೀಗರ ಮುಂದೆಯೇ ತಾಕೀತು ಮಾಡಿದ್ದಳು.

"ಅವ್ವ ನನ್ನ ಬಾಜೂಕ ಕುಂದರ್ಲಿ" ಎಂದಳು ಐಶ್ವರ್ಯಾ.

"ಉಡಿ ತುಂಬಿಸ್ಕೊಂಡು ತವರಿಗೆ ಹೊಂಟಾಕಿ ನೀ. ಎರಡೂ ಮಗ್ಗಲಕ ಮುತ್ತೈದೇರು ಇರಬೇಕವಾ" ಎಂದಳು ಶೆಟ್ಟೆವ್ವ. "ನಾ ಮಾಡಿದ್ದಲ್ಲ ಇದು, ಹಿರ್ಯಾರು ಮಾಡಿದ್ದು."

ಹಿರಿಯರು ಏಳು ಸೀಟಿನ ಗಾಡಿ ನೋಡಿರಲಿಲ್ಲ ಎಂದು ಕೇಳುವವರು ಯಾರು? ಅಷ್ಟರಲ್ಲಿ ದೇವಕ್ಕ ಸೀರೆಯ ನಿರಿಗೆ ಎತ್ತಿ ಹಿಡಿದು ಹಿಂದೆ ಹತ್ತಿಯಾಗಿತ್ತು. ಮಹಾದೇವ ನಡುವಿನ ಸೀಟನ್ನು ಅವಳ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಒತ್ತಿದ.

ಸವದತ್ತಿ ದಾಟಿದರು. ನವಿಲುತೀರ್ಥದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೊರಟಿದ್ದವು, ಗಾಡಿ ಆಮೆಯ ಹಾಗೆ ತೆವಳುತ್ತಿತ್ತು. ಆಗ ಸುಟ್ಟ ರಬ್ಬರಿನ ವಾಸನೆ ಬಂತು. ಯಾರೋ ಕಸ ಸುಡುತ್ತಿರಬೇಕು ಎಂದ ಹಣಮಂತಪ್ಪ. ಆ ಮಾತು ಮುಗಿಯುವಷ್ಟರಲ್ಲಿ ಗಾಡಿಯ ಗಾಳಿಯ ಕಿಂಡಿಗಳಿಂದಲೇ ಕಪ್ಪು ಹೊಗೆ ಒಳಗೆ ನುಗ್ಗಿತು. ಇಲಿಗಳು ವೈರು ಕಡಿದಿದ್ದವು ಎಂದು ಆಮೇಲೆ ಮೆಕ್ಯಾನಿಕ್ ಹೇಳಿದ. ಆ ಹೊತ್ತಿಗೆ ಯಾರಿಗೆ ಏನು ಗೊತ್ತು?

ಮಹಾದೇವ ಗಾಡಿಯನ್ನು ರಸ್ತೆ ಬದಿಗೆ ಇಳಿಸಿ, "ಇಳೀರಿ, ಐಶ್ವರ್ಯಾನ್ನ ಇಳಸ್ರಿ ಮೊದಲ" ಎಂದು ಕೂಗಿದ. ಸಪ್ನಾ ಒಂದು ಕಡೆಯಿಂದ, ಶೆಟ್ಟೆವ್ವ ಒಂದು ಕಡೆಯಿಂದ ಇಳಿದು ಬಸುರಿಯ ರಟ್ಟೆ ಹಿಡಿದು ದೂರದ ಬೇವಿನ ಗಿಡದತನಕ ನಡೆಸಿಕೊಂಡು ಹೋದರು. ಶೆಟ್ಟೆವ್ವ ಇಳಿಯುವಾಗ ರೂಢಿಯಂತೆ ಬಾಗಿಲು ಮುಚ್ಚಿದಳು. ಮಹಾದೇವ ಮತ್ತು ಹಣಮಂತಪ್ಪ ಬಾನೆಟ್ಟಿನ ಕಡೆ ಓಡಿದರು.

ದೇವಕ್ಕ ಎರಡು ಕೈಯಿಂದ ಮುಂದಿನ ಸೀಟನ್ನು ದೂಕಿದಳು. ಅದು ಅಲುಗಲಿಲ್ಲ. ಎಲ್ಲೋ ಒಂದು ಹಿಡಿಕೆ ಇದೆ ಎಂದು ಗೊತ್ತು, ಆದರೆ ಇಷ್ಟು ದಿನ ಅದನ್ನು ಎಳೆದದ್ದೆಲ್ಲ ಹೊರಗೆ ನಿಂತವರು. ಒಳಗಿನಿಂದ ಅವಳಿಗೆ ಸಿಕ್ಕಿದ್ದು ಕವರಿನ ಹೊಲಿಗೆ ಮಾತ್ರ. ಸೀಟಿನ ಮೇಲಿಂದ ದಾಟಲು ನೋಡಿದಳು. ಮೊಣಕಾಲು ಮೇಲೇಳಲಿಲ್ಲ, ಕುಸಿದು ಕುಂತಳು. ಹಿಂದೆ ತಿರುಗಿದರೆ ಚೀಲಗಳ ಗೋಡೆ, ಅದರಾಚೆ ಒಳಗಿನಿಂದ ತೆರೆಯದ ಬಾಗಿಲು.

ಕೂಗಬಹುದಿತ್ತು. ಬಾಯಿ ತೆರೆದಿದ್ದಳು ಕೂಡ. ಬೇವಿನ ಗಿಡದ ಕೆಳಗೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತ ಮಗಳು ಗಾಜಿನಲ್ಲಿ ಕಂಡಳು. ತಾಯಿಯ ಚೀರಾಟ ಕೇಳಿದರೆ ಅವಳ ಗತಿ ಏನು, ಒಳಗಿರುವ ಕೂಸಿನ ಗತಿ ಏನು? ಇವತ್ತು ಎಲ್ಲದರಿಂದ ದೂರ ನಿಂತದ್ದೇ ಅವಳಿಗೆ ಕೆಟ್ಟದಾಗಬಾರದು ಎಂದು. ಈಗ ತನ್ನ ದನಿಯೇ ಕೆಡುಕಾಗಬೇಕೆ? ದೇವಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಣ್ಣು ಉರಿಯುತ್ತಿದ್ದವು. ಮಹಾದೇವ ಬಂದೇ ಬರುತ್ತಾನೆ ಎಂದುಕೊಂಡಳು. ಮಹಾದೇವ ಬರಲಿಲ್ಲ. ಅವನು ಒಮ್ಮೆ ಗಿಡದ ಕಡೆ ತಿರುಗಿ ನೋಡಿ, ಎಲ್ಲರೂ ಇಳಿದಿದ್ದಾರೆ ಎನ್ನುವಂತೆ ತಲೆಯಾಡಿಸಿ ಮತ್ತೆ ಬಾನೆಟ್ಟಿಗೆ ಕೈ ಹಾಕಿದ್ದನ್ನು ಅವಳು ಹೊಗೆಯ ನಡುವೆಯೇ ನೋಡಿದಳು.

"ಅವ್ವ ಎಲ್ಲಿ?" ಎಂದು ಕೇಳಿದವಳು ಐಶ್ವರ್ಯಾ.

ಆಮೇಲೆ ಓಡಾಟ. ಹಿಂಬಾಗಿಲು ಮೇಲೆದ್ದಿತು, ಮಗನ ಮುಖ ಕಂಡಿತು. ಕೈಗೆ ಸಿಕ್ಕ ಮೊದಲ ವಸ್ತು ಉಡಿಯ ಗಂಟು. ಅದನ್ನು ಎಳೆದು ಬಿಸಾಡಲು ಹೋದ. ದೂರದಿಂದ ಶೆಟ್ಟೆವ್ವನ ದನಿ ಬಂತು. "ಮಹಾದೇವಾ, ಉಡಿ ಅಕ್ಕಿ ನೆಲಕ್ಕ ಬೀಳಸಬ್ಯಾಡೋ."

ಮಹಾದೇವನ ಕೈ ನಿಂತಿತು. ಅವನು ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾರ ಕೈಗೆ ಕೊಡಲಿ ಎಂದು ಅತ್ತಿತ್ತ ನೋಡಿದ. ಎಷ್ಟು ಹೊತ್ತು? ಎರಡು ಉಸಿರಿನಷ್ಟು ಹೊತ್ತೂ ಇರಲಿಕ್ಕಿಲ್ಲ. ಆದರೆ ಉಸಿರಿಗೆ ಒದ್ದಾಡುವವಳು ಒಳಗೆ ಕುಂತು ಅವನನ್ನೇ ನೋಡುತ್ತಿದ್ದಳು.

ಐಶ್ವರ್ಯಾ ಬಂದಿದ್ದಳು. ಬರಬೇಡ ಎಂದು ಸಪ್ನಾ ಹಿಡಿದ ಕೈ ಕೊಸರಿಕೊಂಡು ಬಂದಿದ್ದಳು. ಅಣ್ಣನ ಕೈಯಿಂದ ಗಂಟನ್ನು ಕಿತ್ತುಕೊಂಡು ರಸ್ತೆಗೆ ಎಸೆದಳು. ಗಂಟು ಬಿಚ್ಚಿ ಅಕ್ಕಿಯೆಲ್ಲ ಡಾಂಬರಿನ ಮೇಲೆ ಹರಡಿತು, ಕೊಬ್ಬರಿ ಬಟ್ಟಲು ಉರುಳಿ ಗಟಾರಕ್ಕೆ ಬಿದ್ದವು. "ಅವ್ವನ್ನ ತಗಿ" ಎಂದಳು ಅಣ್ಣನಿಗೆ. ಕುಬಸದ ಹಸಿರು ಬಳೆ ತೊಟ್ಟ ಅವಳ ಕೈಗಳು ಚೀಲಗಳನ್ನು ಎಳೆದೆಳೆದು ಹೊರಗೆ ಹಾಕತೊಡಗಿದವು. ಬುತ್ತಿ ಹೋಯಿತು, ಕೊಡ ಉರುಳಿತು. ಮಹಾದೇವ ಒಳಗೆ ತೂರಿ ಸೀಟಿನ ಬೆನ್ನನ್ನು ಒದ್ದು ಕೆಡವಿ, ತಾಯಿಯನ್ನು ಕಂಕುಳಿಗೆ ಕೈ ಹಾಕಿ ಎಳೆದುಕೊಂಡ.

ಗಾಡಿಗೆ ಬೆಂಕಿ ಹತ್ತಲಿಲ್ಲ. ಹತ್ತಿದ್ದರೆ ಈ ಕಥೆಯನ್ನು ಬೇರೆ ರೀತಿ ಹೇಳಬೇಕಾಗುತ್ತಿತ್ತು. ಕಬ್ಬಿನ ಟ್ರ್ಯಾಕ್ಟರಿನವರು ಇಳಿದು ಬಂದು ಬ್ಯಾಟರಿಯ ವೈರು ಕಿತ್ತು, ಹಸಿ ಗೋಣಿ ಮುಚ್ಚಿ ಹೊಗೆ ಅಡಗಿಸಿದರು. ದೇವಕ್ಕ ಬೇವಿನ ಗಿಡದ ಬುಡದಲ್ಲಿ ಕುಂತು ಕೆಮ್ಮಿದಳು, ನೀರು ಕುಡಿದಳು, ಮತ್ತೆ ಕೆಮ್ಮಿದಳು. ಶೆಟ್ಟೆವ್ವ ಚೆಲ್ಲಿದ ಅಕ್ಕಿಯ ಕಡೆ ನೋಡಲಾರದೆ, ದೇವಕ್ಕನ ಕಡೆಯೂ ನೋಡಲಾರದೆ, ನೆಲ ನೋಡುತ್ತ ನಿಂತಿದ್ದಳು.

"ಯಾಕ ಒದರಲಿಲ್ಲ ನೀ?" ಎಂದು ಐಶ್ವರ್ಯಾ ಕೇಳಿದಳು.

"ನೀ ಹೆದರ್ತಿ ಅಂತ."

"ಒದರಿದ್ರ ಒಂದ್ ಗಳಿಗಿ ಹೆದರ್ತಿದ್ದೆ. ಈಗ ಇದ್ದಷ್ಟ್ ದಿನ ಹೆದರ್ತೇನಿ" ಎಂದಳು ಮಗಳು, ತಾಯಿಯ ತೊಡೆಯ ಮೇಲೆ ತಲೆ ಇಟ್ಟು ಅತ್ತಳು.

ಮಹಾದೇವ ಸ್ವಲ್ಪ ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಂತಿದ್ದ. ಅವನ ಕೈಗೆಲ್ಲ ಮಸಿ. "ಎಲ್ಲಾರೂ ಇಳದಾರ ಅಂತ ಅನಿಸ್ತವಾ" ಎಂದ. "ಗಿಡದ ಕೆಳಗ ನೋಡಿದೆ. ಎಲ್ಲಾರೂ ಅದಾರ ಅಂತನ ಅನಿಸ್ತು."

ಮಗ ಅಳುತ್ತಿದ್ದ. ಇರಲಿ ಬಿಡಪ್ಪ ಎಂದು ಅವನ ತಲೆ ಸವರುವುದು ದೇವಕ್ಕನ ಸ್ವಭಾವ. ಕೈ ಎತ್ತಿದಳು ಕೂಡ. ಆದರೆ ಎದೆಯಲ್ಲಿ ಹೊಗೆಗಿಂತ ದಟ್ಟವಾದದ್ದು ಏನೋ ಎದ್ದು ನಿಂತಿತ್ತು. ಸಿಟ್ಟು ಅದು. ಮಗನ ಮೇಲೆ ಸಿಟ್ಟು, ಶೆಟ್ಟೆವ್ವನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಯಾರೂ ಹೇಳದೆ ಹಿಂದೆ ಹತ್ತಿ ಕುಂತ ತನ್ನ ಮೇಲೆಯೇ ಸಿಟ್ಟು. ಎತ್ತಿದ ಕೈಯನ್ನು ಕೆಳಗಿಳಿಸಿದಳು.

"ನಾ ಹಿಂದ ಕುಂತದ್ದು ನಿಮಗೆಲ್ಲಾ ಅನುಕೂಲ ಆತು" ಎಂದಳು. "ಆಮ್ಯಾಲ ನಾ ಅಲ್ಲೆ ಇದ್ದದ್ದ ಮರತ್ರಿ."

ಹಣಮಂತಪ್ಪ ಎದ್ದು ಮುರಗೋಡಕ್ಕೆ ಫೋನ್ ಮಾಡಿದ.

ಮುರಗೋಡದಿಂದ ಸಂಬಂಧಿಕ ಕಾಡಪ್ಪ ತನ್ನ ಗಾಡಿ ತಂದ. ಅದೂ ಏಳು ಸೀಟಿನದೇ. ಕೆಟ್ಟ ಗಾಡಿಯ ಹತ್ತಿರ ತಾನು ಇರುತ್ತೇನೆ, ನೀವು ಹೊರಡಿ ಎಂದ ಹಣಮಂತಪ್ಪ. ಕಾಡಪ್ಪ ಬಂದವನೇ ಬಾಗಿಲು ತೆರೆದು, ನಡುವಿನ ಸೀಟು ಮಡಚಿ, "ಬರ್ರಿ ಚಿಗವ್ವಾ, ನೀವು ಮೊದಲ ಹತ್ರಿ" ಎಂದು ದೇವಕ್ಕನ ಕಡೆ ನೋಡಿದ. ಅವನದೇನು ತಪ್ಪು? ಅವನ ಮನೆಯಲ್ಲೂ ಹಾಗೆಯೇ ನಡೆಯುತ್ತಿತ್ತು.

ದೇವಕ್ಕ ಗಾಡಿಯ ಹತ್ತಿರ ನಡೆದಳು. ಮಡಚಿದ ಸೀಟಿನಾಚೆಯ ಕತ್ತಲು ಜಾಗವನ್ನು ನೋಡಿದಳು. "ಮಹಾದೇವ, ನೀ ಹತ್ತು" ಎಂದಳು.

ಮಹಾದೇವ ಬಗ್ಗಿ ಹಿಂದೆ ಹತ್ತಿದ. ದೇವಕ್ಕ ತಾನೇ ಕೈ ಹಾಕಿ ಸೀಟನ್ನು ಎಬ್ಬಿಸಿ ನಿಲ್ಲಿಸಿದಳು. ಹಿಡಿಕೆ ಎಲ್ಲಿದೆ ಎಂದು ಕಾಡಪ್ಪನನ್ನು ಕೇಳಿ ನೋಡಿಕೊಂಡಳು.

"ದೇವಕ್ಕ, ಮಗ್ಗಲಕ..." ಎಂದು ಶೆಟ್ಟೆವ್ವ ಶುರುಮಾಡಿದಳು.

"ನನ್ನ ಮಗಳ ಮಗ್ಗಲಕ ನಾ ಕುಂದರ್ತೇನ್ರಿ ಅಕ್ಕಾ. ನೀವು ಮುಂದ ಹತ್ರಿ" ಎಂದಳು ದೇವಕ್ಕ. ಶೆಟ್ಟೆವ್ವ ಮುಂದೆ ಹತ್ತಿದಳು.

ಗಾಡಿ ಹೊರಟಿತು. ಒಂದು ಕಡೆ ಸಪ್ನಾ, ಒಂದು ಕಡೆ ತಾಯಿ, ನಡುವೆ ಐಶ್ವರ್ಯಾ. ಅವಳು ತಾಯಿಯ ಕೈಯನ್ನು ಎತ್ತಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಮಂಗಳದ ಕೈ ಎಂದು ದೇವಕ್ಕ ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಒಳಗೆ ಕೂಸು ಮಿಸುಕಾಡಿತು.

ಮನೋಳಿ ಬಂತು, ಗಾಡಿ ಹೊಳೆಯ ಸೇತುವೆ ದಾಟಿತು. ಹಿಂದಿನ ಸಾಲಿನಿಂದ ಸದ್ದೇ ಇಲ್ಲ. ಅಷ್ಟು ದೊಡ್ಡ ಆಳು ಮೊಣಕಾಲು ಎದೆಗೆ ಅವುಚಿಕೊಂಡು ಹೇಗೆ ಕುಂತಿದ್ದಾನೋ ಎಂದು ದೇವಕ್ಕನಿಗೆ ಅನ್ನಿಸಿತು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಯುವುದು ಬೇಕಾಗಿಯೂ ಇರಲಿಲ್ಲ. ಆದರೂ ಸ್ವಲ್ಪ ದೂರ ಹೋದ ಮೇಲೆ ಅವಳು ಕುತ್ತಿಗೆ ತಿರುಗಿಸಿ ಹಿಂದೆ ನೋಡಿದಳು.

"ಮಹಾದೇವಾ."

"ಆಂ, ಅವ್ವಾ."

"ಉಸರಾಡಾಕ ಬರ್ತೈತೇನು?"

"ಬರ್ತೈತಿ."

"ಏನರ ಆದ್ರ ಒದರು" ಎಂದಳು ದೇವಕ್ಕ. "ನನ್ನಂಗ ಸುಮ್ನ ಕುಂದರಬ್ಯಾಡ."