ಗೇಣುದ್ದ ಮಣ್ಣು ಸಾಕು

ನನ್ನ ತಂಗಿ ಮಣ್ಣು ಪರೀಕ್ಷೆ ಮಾಡುವವಳು. ಹೊಲದಲ್ಲಿ ಆಳುದ್ದ ಗುಂಡಿ ತೋಡಿಸಿ, ಏಣಿ ಇಳಿದು, ಗೋಡೆಯಲ್ಲಿ ಹಳೆ ಬೆಳೆಯ ಬೇರು ಎಲ್ಲಿಯವರೆಗೆ ಹೋಗಿದೆ ನೋಡಿ, ಮುಂದೆ ಏನು ಬೆಳೆಯಬಹುದು ಎಂದು ಹೇಳುತ್ತಾಳೆ. ಈ ಸಲ ಅವಳು ಇಳಿದದ್ದು ನಮ್ಮ ಹೊಲದ ಗುಂಡಿಗೆ.

ನಮ್ಮ ಯಜಮಾನರಿಗೆ ಹಣ್ಣಿನ ತೋಟದ ಹುಚ್ಚು. ಅದಕ್ಕಾಗಿ ಪಟ್ಟಣದಲ್ಲಿದ್ದ ನನ್ನ ಹೊಲಿಗೆ ಅಂಗಡಿ ಮುಚ್ಚಿಸಿ, ಬಯಲಿನ ನಡುವಿನ ಈ ತಗಡಿನ ಮನೆಗೆ ತಂದು ಕೂರಿಸಿದರು. ಇಲ್ಲಿ ಬಾಗಿಲು ತೆಗೆದರೂ ಒಂದೇ, ಮುಚ್ಚಿದರೂ ಒಂದೇ. ಮಾತಿಗೆ ಒಂದು ನರಪಿಳ್ಳೆ ಇಲ್ಲ. ನನಗೆ ಉಸಿರು ಕಟ್ಟುತ್ತದೆ. "ಮಣ್ಣು ಮರಕ್ಕೆ ಆಗಲ್ಲ ಅಂದ್ರೆ ಪಟ್ಟಣದ ವಿಚಾರ ನೋಡೋಣ" ಎಂದಿದ್ದರು. ಅವರ 'ನೋಡೋಣ'ವನ್ನು ನಂಬಿ ಕೂತ ಪೆದ್ದಿ ನಾನು.

ಅವರು ಪಂಪು ನಿಲ್ಲಿಸಲು ಹೋದ ಹೊತ್ತು ನೋಡಿ ನಾನೂ ಗುಂಡಿಗೆ ಇಳಿದೆ.

"ಹೇಗಿದೆಯೇ?"

"ಬಂಗಾರದಂಥ ಮಣ್ಣು ಅಕ್ಕ. ಮರಳು, ಜೇಡಿ ಹದವಾಗಿ ಬೆರೆತಿದೆ. ನೋಡು, ಹೋದ ಸಲದ ಸೂರ್ಯಕಾಂತಿ ಬೇರು ನನ್ನ ಕಾಲ ಹತ್ರಾನೂ ಇದೆ. ಬರೀ ಜೇಡಿ ಆಗಿದ್ರೆ ಸೊಂಟದ ಮಟ್ಟಕ್ಕೇ ಸುತ್ತಿಕೊಂಡು ನಿಂತುಬಿಡ್ತಿತ್ತು."

ನಾನು ಅವಳ ಕೈ ಹಿಡಿದೆ. "ಹಾಗಾದ್ರೆ ಜೇಡಿ ಅಂತಲೇ ಹೇಳು."

"ಭಾವ ಇಳಿದು ನೋಡಲ್ವಾ?"

"ಮತ್ತೆ ನಾನು ಇಲ್ಲೇ ಕೊಳೀಲಾ?" ಎಂದವಳೇ ಅತ್ತುಬಿಟ್ಟೆ.

ಅವಳು ಸೊಂಟದಿಂದ ಕೆಳಗಿನ ಬೇರುಗಳನ್ನೆಲ್ಲ ಚಾಕುವಿನಿಂದ ಗೋಡೆಯ ಮಟ್ಟಕ್ಕೆ ಹೆರೆದಳು. ಬಾಟಲಿಯ ನೀರು ಚಿಮುಕಿಸಿ, ಕರಣೆಯ ಬೆನ್ನಿನಿಂದ ಒತ್ತಿ ಸವರಿದಳು. ಗೋಡೆ ಜೇಡಿಯ ಹಾಗೆ ನುಣ್ಣಗಾಯಿತು.

ನಮ್ಮವರು ಬಂದು ಇಳಿದರು. ಗೋಡೆ ಮುಟ್ಟಿ ನೋಡಿದರು. ಮುಖ ಸಪ್ಪಗಾಯಿತು.

"ಬೇರು ಇಲ್ಲಿಗೇ ನಿಂತಿದೆಯಲ್ಲಮ್ಮ?"

"ಹೂಂ ಭಾವ. ಮರ ಕಷ್ಟ." ತಂಗಿ ತಲೆ ಎತ್ತಲಿಲ್ಲ.

ನಾನಾಗಲೇ ಮನಸ್ಸಿನಲ್ಲಿ ಹೊಲಿಗೆ ಮೆಷಿನ್‌ಗೆ ಎಣ್ಣೆ ಬಿಡುತ್ತಿದ್ದೆ.

ಅವರು ಗಲ್ಲ ಕೆರೆದುಕೊಂಡರು. "ಅಲ್ಲಮ್ಮ, ಈರುಳ್ಳಿಗೆ ಎಷ್ಟು ಆಳ ಬೇಕು?"

ತಂಗಿ ನನ್ನ ಮುಖ ನೋಡಿದಳು. ಅದು ಎಲ್ಲರಿಗೂ ಗೊತ್ತಿರುವ ವಿಷಯ, ಸುಳ್ಳು ಹೇಳುವ ಹಾಗಿಲ್ಲ. "ಗೇಣುದ್ದ ಮಣ್ಣು ಸಾಕು ಭಾವ."

"ಸರಿ, ಈರುಳ್ಳಿನೇ ಹಾಕೋಣ ಬಿಡು." ಅವರು ನನ್ನ ಕಡೆ ತಿರುಗಿದರು. "ಮರ ಆಗಿದ್ರೆ, ಬೇರು ಇಳಿದ ಮೇಲೆ ಅದರ ಪಾಡಿಗೆ ಅದು ಇರ್ತಿತ್ತು. ಕಾವಲಿಗೆ ಒಬ್ಬನ್ನ ಇಟ್ಟು, ಪಟ್ಟಣಕ್ಕೆ ಹೋಗಿ ನಿನ್ನ ಅಂಗಡಿ ತೆಗೆಯೋಣ ಅಂತಿದ್ದೆ. ಈರುಳ್ಳಿ ಅಂದ್ರೆ ದಿನಾ ಕಳೆ ಕೀಳ್ಬೇಕು. ಪರವಾಗಿಲ್ಲ, ನೀನಿದ್ದೀಯಲ್ಲ."

ಏಣಿ ಹತ್ತಿ ಹೋದರು.

"ನಿಜ ಹೇಳಿಬಿಡ್ಲಾ ಅಕ್ಕ?" ತಂಗಿ ಕೇಳಿದಳು. ಹೆರೆದ ಬೇರುಗಳು ಅವಳ ಮುಷ್ಟಿಯಲ್ಲೇ ಇದ್ದವು.

ಹೇಳಿದರೆ ನಾಳೆಯಿಂದ ಅವಳ ಮಾತನ್ನು ಯಾವ ಹೊಲದವರು ನಂಬುತ್ತಾರೆ? ನಾನು ಆ ಬೇರುಗಳನ್ನು ಇಸಿದುಕೊಂಡು, ಗುಂಡಿಯ ತಳದಲ್ಲಿ ಹಾಕಿ, ಮೇಲೆ ಮಣ್ಣೆಳೆದು ತುಳಿದೆ. ಮಣ್ಣು ಎಷ್ಟು ಮೆತ್ತಗಿತ್ತೆಂದರೆ ನನ್ನ ಪಾದ ಪೂರ್ತಿ ಒಳಗೆ ಇಳಿಯಿತು.